ಬಾವಿ ನೀರಿಗೆ ಪೆಟ್ರೋಲ್ ವಾಸನೆಯೇ? ಸ್ಯಾಂಪಲ್ ಹೀಗೆ ತೆಗೆಯಿರಿ

ಬಾವಿ ನೀರಿಗೆ ಪೆಟ್ರೋಲ್ ವಾಸನೆ ಬಂದರೆ ನಮ್ಮ ಮಂಗಳೂರು, ಉಡುಪಿ ಕಡೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮಿನರಲ್ ವಾಟರಿನ ಖಾಲಿ ಬಾಟಲಿ ಹುಡುಕುತ್ತಾರೆ. ನಳ್ಳಿಗೆ ಹಿಡಿದು ಮುಕ್ಕಾಲು ತುಂಬಿಸುತ್ತಾರೆ. ಸ್ಕೂಟರಿನ ಡಿಕ್ಕಿಗೆ ಹಾಕಿ ಲ್ಯಾಬಿಗೆ ಹೊರಡುತ್ತಾರೆ. ಆಮೇಲೆ 'ಎಲ್ಲ ಸರಿ ಇದೆ' ಅಂತ ರಿಪೋರ್ಟ್ ಬರುತ್ತದೆ, ನೀರು ಮಾತ್ರ ಹಾಗೇ ನಾರುತ್ತಿರುತ್ತದೆ. ಲ್ಯಾಬಿನವರದ್ದು ತಪ್ಪಿಲ್ಲ. ಅವರ ಕೈ ಸೇರುವಷ್ಟರಲ್ಲಿ ಬಾಟಲಿಯಲ್ಲಿ ಪೆಟ್ರೋಲ್ ಉಳಿದೇ ಇರುವುದಿಲ್ಲ.

ಎಲ್ಲಿಗೆ ಹೋಯಿತು? ನೀರಿಗೆ ಬಿದ್ದ ಪೆಟ್ರೋಲ್, ಡೀಸೆಲ್, ಕೀಟನಾಶಕ, ಚರಂಡಿಯ ಕೊಳೆ, ಎಲ್ಲದಕ್ಕೂ ಮುಖ್ಯವಾಗಿ ಮೂರು ದಾರಿ. ಕೆಲವು ಗಾಳಿಗೆ ಹಾರುತ್ತವೆ. ಕೆಲವು ಕೆಸರಿಗೆ ಅಂಟಿಕೊಳ್ಳುತ್ತವೆ. ಕೆಲವನ್ನು ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ, ಅಥವಾ ಬಿಸಿಲು ಒಡೆದು ಹಾಕುತ್ತದೆ. ನೇತ್ರಾವತಿಯಲ್ಲಿ ನಡೆಯುವುದೂ ಇದೇ, ನಿಮ್ಮ ಬಾಟಲಿಯೊಳಗೆ ನಡೆಯುವುದೂ ಇದೇ. ಸ್ಯಾಂಪಲ್ ತೆಗೆಯುವುದು ಅಂದರೆ ಈ ಮೂರೂ ದಾರಿ ಮುಚ್ಚುವುದು.

ಅದು ನಿಜವಾಗಿ ಎಣ್ಣೆಯಾ?

ಮುರಕಲ್ಲಿನ ನೆಲದಲ್ಲಿ ಕಬ್ಬಿಣದ ಅಂಶ ಜಾಸ್ತಿ. ನಿಂತ ನೀರಿನ ಮೇಲೆ ಬಣ್ಣಬಣ್ಣದ ತೆಳು ಪದರ ಕಂಡರೆ ಅದು ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸವೂ ಆಗಿರಬಹುದು. ಒಂದು ಕಡ್ಡಿಯಿಂದ ಪದರವನ್ನು ಕದಡಿ ನೋಡಿ. ಚೂರುಚೂರಾಗಿ ಒಡೆದು ಹಾಗೇ ನಿಂತರೆ ಕಬ್ಬಿಣದ್ದು. ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆ. ಇದಕ್ಕೆ ಖರ್ಚು ಸೊನ್ನೆ.

ರಾಟೆಯನ್ನೂ ಒಮ್ಮೆ ನೋಡಿ. ಕಿರಿಕಿರಿ ಶಬ್ದ ಬರುತ್ತದೆ ಅಂತ ಯಾರೋ ಗ್ರೀಸ್ ಮೆತ್ತಿರುತ್ತಾರೆ, ಅದು ಕರಗಿ ಹಗ್ಗದ ಜೊತೆ ನೀರಿಗೆ ಇಳಿದಿರುತ್ತದೆ.

ಒಂದು ವಿಷಯದಲ್ಲಿ ನಾನು ಸ್ವಲ್ಪವೂ ಬಗ್ಗುವುದಿಲ್ಲ: ವಾಸನೆ ಬರುವ ಬಾವಿಗೆ ಯಾರನ್ನೂ ಇಳಿಸಬೇಡಿ. ಗಾಳಿ ಇದೆಯಾ ಅಂತ ನೋಡಲು ದೀಪ ಇಳಿಸುವ ಹಳೇ ಕ್ರಮ ಇದೆಯಲ್ಲ, ಪೆಟ್ರೋಲ್ ಆವಿ ತುಂಬಿದ ಬಾವಿಯಲ್ಲಿ ಅದನ್ನು ಮಾಡಿದರೆ ಬೆಂಕಿ ಮೇಲಕ್ಕೇ ಬರುತ್ತದೆ.

ಏನು ಹುಡುಕಬೇಕು?

'ನೀರು ಟೆಸ್ಟ್ ಮಾಡಿ ಕೊಡಿ' ಅಂದರೆ ಸಿಗುವುದು ಮಾಮೂಲಿ ಪಟ್ಟಿ: ಪಿಎಚ್, ಗಡಸುತನ, ಕ್ಲೋರೈಡ್, ಕೋಲಿಫಾರ್ಮ್ (ಮಲದ ಕೊಳೆ ಸೇರಿದೆಯಾ ಅಂತ ಹೇಳುವ ಬ್ಯಾಕ್ಟೀರಿಯಾ). ಪೆಟ್ರೋಲ್ ಅದರಲ್ಲಿ ಇಲ್ಲ. ಹಾಗಾಗಿ ಸುತ್ತಮುತ್ತ ಒಮ್ಮೆ ಕಣ್ಣಾಡಿಸಿ, ಏನು ಬಂದಿರಬಹುದು ಅಂತ ಊಹಿಸಿ. ಹತ್ತಿರ ಪೆಟ್ರೋಲ್ ಬಂಕ್ ಇದ್ದರೆ ಪೆಟ್ರೋಲಿನಲ್ಲಿರುವ ಬೆಂಜೀನ್, ಟೊಲ್ವೀನ್, ಕ್ಸೈಲೀನ್ ಕೇಳಿ. ಗ್ಯಾರೇಜ್, ಜನರೇಟರ್ ಇದ್ದರೆ ಮಿನರಲ್ ಆಯಿಲ್, ಅಂದರೆ ಡೀಸೆಲ್, ಇಂಜಿನ್ ಆಯಿಲಿನಂಥದ್ದು. ತೋಟ ಇದ್ದರೆ ಯಾವ ಕೀಟನಾಶಕ ಹೊಡೆಯುತ್ತಾರೆ ಅಂತ ಕೇಳಿ ಹೆಸರು ಬರೆದುಕೊಳ್ಳಿ. ತೋಡಿನಲ್ಲಿ ಚರಂಡಿ ನೀರು ಹರಿದರೆ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ), ಸಿಒಡಿ (ಅದೇ ಕೊಳೆಯನ್ನು ರಾಸಾಯನಿಕದಿಂದ ಒಡೆಯಲು ಬೇಕಾಗುವ ಆಮ್ಲಜನಕ) ಜೊತೆ ಕೋಲಿಫಾರ್ಮ್.

ಅಡಿಕೆಗೆ ಹೊಡೆಯುವ ಮೈಲುತುತ್ತು ಈ ಲೆಕ್ಕಕ್ಕೆ ಬರುವುದಿಲ್ಲ. ಅದು ತಾಮ್ರ. ಯಾವ ಬ್ಯಾಕ್ಟೀರಿಯಾವೂ ತಾಮ್ರವನ್ನು ಒಡೆಯಲಾರದು. ಅದರ ಪರೀಕ್ಷೆ ಬೇರೆ, ಬಾಟಲಿಯೂ ಬೇರೆ.

ಹಳೇ ಗೇರು ತೋಪಿನ ಕೆಳಗೆ ಬಾವಿ ಇರುವವರಿಗೆ ಒಂದು ಮಾತು. ನಮ್ಮ ಕಡೆಯ ಗೇರು ತೋಪುಗಳ ಮೇಲೆ ಹಿಂದೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎಲ್ಲರಿಗೂ ಗೊತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಎಂಡೋಸಲ್ಫಾನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಮಣ್ಣಿಗೆ ಅಂಟುವುದೇ ಜಾಸ್ತಿ. ಮಣ್ಣಿನಲ್ಲಿ ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಇದೂ ವಿಷವೇ, ಮೂಲದ್ದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಬೇರೆ. ಹಾಗಾಗಿ ಎಂಡೋಸಲ್ಫಾನಿನ ಎರಡು ರೂಪಗಳಾದ ಆಲ್ಫಾ, ಬೀಟಾ, ಜೊತೆಗೆ ಸಲ್ಫೇಟ್, ಮೂರನ್ನೂ ನೋಡಿ ಅಂತ ಬರೆದು ಕೊಡಿ. ಕುಡಿಯುವ ನೀರಿನ ಐಎಸ್ 10500 ಮಾನಕ ಕೂಡ ಮೂರನ್ನೂ ಸೇರಿಸಿಯೇ ಲೀಟರಿಗೆ 0.4 ಮೈಕ್ರೋಗ್ರಾಂ ಮಿತಿ ಇಟ್ಟಿದೆ.

ಬಾಟಲಿ

ಲ್ಯಾಬಿನಿಂದಲೇ ಕೇಳಿ ತನ್ನಿ. ಕಂದು ಬಣ್ಣದ ಗಾಜಿನದ್ದೇ ಆಗಬೇಕು. ಪ್ಲಾಸ್ಟಿಕ್ ಬಾಟಲಿ ಎಣ್ಣೆಯಂಥದ್ದನ್ನು ಹೀರಿಕೊಳ್ಳುತ್ತದೆ, ತನ್ನಲ್ಲಿದ್ದದ್ದನ್ನು ನೀರಿಗೆ ಬಿಡಲೂಬಹುದು. ಕಂದು ಬಣ್ಣ ಬಿಸಿಲನ್ನು ತಡೆಯುತ್ತದೆ. ಬಾಟಲಿ ಕೊಡದ ಲ್ಯಾಬ್ ಆದರೆ ಬೇರೆ ಲ್ಯಾಬ್ ಹುಡುಕಿ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಅಂದ ಮಾತ್ರಕ್ಕೆ ಸಾಲದು, ನಿಮಗೆ ಬೇಕಾದ ಪರೀಕ್ಷೆಗೆ ಮಾನ್ಯತೆ ಇದೆಯಾ ಅಂತ ಕೇಳಬೇಕು.

ನೀರು ತೆಗೆಯುವುದು

ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಈಗ ಸ್ಯಾಂಪಲ್ ಬೇಡ. ಕ್ಲೋರಿನ್ ನೀರಿನಲ್ಲಿರುವ ಎಲೆಕೊಳೆಯ ಜೊತೆ ಸೇರಿ ಕ್ಲೋರೋಫಾರ್ಮಿನಂಥ ಹೊಸ ವಸ್ತುಗಳನ್ನೇ ಹುಟ್ಟಿಸುತ್ತದೆ. ಕಾರ್ಪೊರೇಷನ್ ನೀರನ್ನು ಪರೀಕ್ಷೆಗೆ ಕೊಡುವುದಾದರೆ ಕ್ಲೋರಿನ್ ಇದೆ ಅಂತ ಮೊದಲೇ ಲ್ಯಾಬಿಗೆ ತಿಳಿಸಿ. ಅದನ್ನು ತಟಸ್ಥ ಮಾಡುವ ಪುಡಿ ಹಾಕಿದ ಬಾಟಲಿ ಕೊಡುತ್ತಾರೆ.

ಟ್ಯಾಂಕಿನ ನೀರು ಬೇಡವೇ ಬೇಡ. ಪಂಪು ಎಳೆದು, ಟ್ಯಾಂಕಿಗೆ ಧುಮುಕಿಸಿ, ನಳ್ಳಿಯಲ್ಲಿ ಚಿಮ್ಮಿಸುವಾಗ ಹಾರುವ ವಸ್ತುಗಳು ಹಾರಿಹೋಗಿರುತ್ತವೆ. ಬೆಂಜೀನ್ ಎಷ್ಟು ಅವಸರದ್ದು ಅಂದರೆ, ಹರಿಯುವ ಹೊಳೆಯ ನೀರಿನಿಂದ ಅರ್ಧದಷ್ಟು ಹಾರಿಹೋಗಲು ಕೆಲವು ಗಂಟೆ ಸಾಕು. ಅದೇ ಬೆಂಜೀನ್ ಗಾಳಿ, ಬೆಳಕು ಇಲ್ಲದ ಅಂತರ್ಜಲದಲ್ಲಿ ತಿಂಗಳುಗಟ್ಟಲೆ ಕೂರುತ್ತದೆ. ಬಂಕಿನ ಟ್ಯಾಂಕ್ ಸೋರಿದರೆ ಹೊಳೆಗಿಂತ ಬಾವಿಗೇ ಹೆಚ್ಚು ಕಷ್ಟ ಯಾಕೆ ಅಂತ ಗೊತ್ತಾಯಿತಲ್ವಾ?

ಸೀದಾ ಬಾವಿಯಿಂದಲೇ ತೆಗೆಯಬೇಕು. ಲ್ಯಾಬಿನಲ್ಲಿ ಬೈಲರ್ ಅನ್ನುವ ಉದ್ದನೆಯ ಕೊಳವೆ ಇರುತ್ತದೆ, ಸಿಕ್ಕಿದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ತೊಳೆದ ಗಾಜಿನ ಬಾಟಲಿಗೆ ಕರಿಕಲ್ಲಿನ ತುಂಡು ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಬಿರಡೆಗೆ ಬೇರೆಯೇ ಒಂದು ದಾರ ಕಟ್ಟಿ. ಹಗ್ಗ ಹೊಸದಿರಲಿ, ರಾಟೆಯ ಹಳೇ ಹಗ್ಗ ಬೇಡ. ಬಾವಿದಂಡೆಯಿಂದ ಮೆಲ್ಲಗೆ ಇಳಿಸಿ. ನೀರಿನ ಮೇಲ್ಮೈಯಿಂದ ಅರ್ಧ ಮೀಟರ್ ಕೆಳಗೆ ಹೋದ ಮೇಲೆ ದಾರ ಎಳೆದು ಬಿರಡೆ ಬಿಡಿಸಿ. ಗುಳ್ಳೆ ಬರುವುದು ನಿಂತರೆ ಬಾಟಲಿ ತುಂಬಿತು ಅಂತ ಲೆಕ್ಕ. ಬಿರಡೆ ಯಾಕೆ ಅಂದರೆ, ಡೀಸೆಲ್, ಪೆಟ್ರೋಲ್ ಎರಡೂ ನೀರಿಗಿಂತ ಹಗುರ, ಮೇಲೆ ತೇಲುತ್ತವೆ. ಬಾಯಿ ತೆರೆದ ಬಾಟಲಿ ಇಳಿಸಿದರೆ ತೇಲುವ ಪದರವೇ ಒಳಗೆ ತುಂಬಿ, ನೀರಿನಲ್ಲಿ ಕರಗಿದ್ದು ಎಷ್ಟು ಅಂತ ತಿಳಿಯುವುದಿಲ್ಲ. ತೇಲುವ ಪದರ ಕಂಡರೆ ಅದನ್ನು ಬೇರೆ ಬಾಟಲಿಗೆ ತೆಗೆಯಿರಿ.

ಈಗ ಪುಟ್ಟ ಸೀಸೆ. ಪೆಟ್ರೋಲಿನ ಪರೀಕ್ಷೆಗೆ 40 ಮಿಲಿಲೀಟರಿನ ಸೀಸೆ ಕೊಟ್ಟಿರುತ್ತಾರೆ. ಅದರ ತಳದಲ್ಲಿ ಕೆಲವು ಹನಿ ಆ್ಯಸಿಡ್ ಇರುತ್ತದೆ, ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಲಿ ಅಂತ. 'ಏನೋ ನೀರು ಉಳಿದಿದೆ' ಅಂತ ಅದನ್ನು ಚೆಲ್ಲಿ ತೊಳೆದು ತರುವವರಿದ್ದಾರೆ. ತೊಳೆಯಬೇಡಿ. ಸೀಸೆಯನ್ನು ಓರೆ ಹಿಡಿದು, ನೀರು ಒಳಗೋಡೆಯ ಮೇಲೆ ಜಾರುವ ಹಾಗೆ ನಿಧಾನಕ್ಕೆ ಹುಯ್ಯಿರಿ. ತುಂಬುತ್ತಾ ಬಂದಾಗ ನೆಟ್ಟಗೆ ಹಿಡಿದು ಹನಿಹನಿಯಾಗಿ ಬಿಡಿ. ನೀರು ಬಾಯಿಯ ಅಂಚಿಗಿಂತ ಸ್ವಲ್ಪ ಉಬ್ಬಿ ನಿಲ್ಲಬೇಕು, ಹೊರಗೆ ಹರಿಯಬಾರದು. ಹರಿದರೆ ಆ್ಯಸಿಡ್ ಕೂಡ ಹೋಗುತ್ತದೆ. ಮುಚ್ಚಳ ಹಾಕಿ ಬಿಗಿ ಮಾಡಿ. ತಲೆಕೆಳಗೆ ಮಾಡಿ ಬೆರಳಿನಿಂದ ತಟ್ಟಿ. ಗುಳ್ಳೆ ಮೇಲೇರಿತಾ? ಹಾಗಾದರೆ ಆ ಸೀಸೆ ಬಿಡಿ, ಹೊಸದರಲ್ಲಿ ಮತ್ತೆ ತುಂಬಿಸಿ. ಒಳಗೆ ಗಾಳಿ ಇದ್ದರೆ ಬೆಂಜೀನ್ ಆ ಗಾಳಿಗೇ ಹೋಗಿ ಕೂರುತ್ತದೆ, ಮುಚ್ಚಳ ತೆರೆದಾಗ ಅಲ್ಲಿಂದ ಪರಾರಿ. ಎರಡು ಸೀಸೆ ತುಂಬಿಸಿ, ಮೂರನೆಯದಕ್ಕೆ ಲ್ಯಾಬಿನ ಶುದ್ಧ ನೀರು ತುಂಬಿಸಿ ಜೊತೆಗೇ ಒಯ್ಯಿರಿ. ಅದರಲ್ಲೂ ಪೆಟ್ರೋಲ್ ಸಿಕ್ಕಿದರೆ ಬಂದದ್ದು ಬಾವಿಯಿಂದಲ್ಲ, ದಾರಿಯಲ್ಲಿ.

ಎಣ್ಣೆ ಮತ್ತು ಗ್ರೀಸಿನ ಪರೀಕ್ಷೆಗೆ ಕ್ರಮವೇ ಉಲ್ಟಾ. ಅಗಲ ಬಾಯಿಯ ಒಂದು ಲೀಟರ್ ಬಾಟಲಿ ಬೇಕು, ಬಾಯಿತನಕ ತುಂಬಿಸಬಾರದು. ಬಾವಿ ನೀರು ಹಾಕಿ ಕುಲುಕಿ ಚೆಲ್ಲುವ ಅಭ್ಯಾಸ ಇಲ್ಲಿ ಬೇಡ, ಎಣ್ಣೆ ಗಾಜಿಗೆ ಅಂಟಿ ಲೆಕ್ಕ ಜಾಸ್ತಿ ತೋರಿಸುತ್ತದೆ.

ಕೈ ಸೋಪಿನಲ್ಲಿ ತೊಳೆದು ಒರೆಸಿ. ತೆಂಗಿನೆಣ್ಣೆ, ಸೊಳ್ಳೆ ಮುಲಾಮು ಹಚ್ಚಿದ ಕೈ ಬೇಡ. ಆಗಷ್ಟೇ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಬಂದವರು ದೂರ ನಿಲ್ಲಲಿ.

ಹೊಳೆಯ ನೀರಿನಲ್ಲಿ ಆಮ್ಲಜನಕ ಎಷ್ಟಕ್ಕೆ ಇಳಿದಿದೆ ಅಂತ ನೋಡುವವರು ಬೆಳಗಾಗುವ ಮೊದಲೇ ಹೋಗಬೇಕು. ರಾತ್ರಿ ಪಾಚಿ ಆಮ್ಲಜನಕ ಉತ್ಪಾದಿಸುವುದಿಲ್ಲ, ಕೊಳೆ ತಿನ್ನುವ ಬ್ಯಾಕ್ಟೀರಿಯಾ ಉಸಿರಾಡುತ್ತಲೇ ಇರುತ್ತವೆ. ಹಾಗಾಗಿ ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ ಆಮ್ಲಜನಕ ಅತಿ ಕಡಿಮೆ. 30 ಡಿಗ್ರಿಯ ಸಿಹಿನೀರಿನಲ್ಲಿ ಕರಗುವುದೇ ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು 5 ಬೇಕು. ಅಂದರೆ ನಮ್ಮ ಸೆಕೆಯ ಊರಿನ ಹೊಳೆಗೆ ಕೈಯಲ್ಲಿರುವ ಬಂಡವಾಳವೇ ಸಣ್ಣದು. ಅದು ಮುಗಿದ ಮೇಲೆ ಸಲ್ಫೇಟಿನಿಂದ ಉಸಿರಾಡುವ ಬ್ಯಾಕ್ಟೀರಿಯಾದ ಸರದಿ, ಕೊಳೆತ ಮೊಟ್ಟೆಯ ವಾಸನೆ ಅವುಗಳದ್ದೇ. ಅಳಿವೆಯ ಹತ್ತಿರವಾದರೆ ಇಳಿತದ ಹೊತ್ತು ನೋಡಿ, ಭರತದಲ್ಲಿ ಸಿಗುವುದು ಸಮುದ್ರದ ನೀರು. ಕೆಸರನ್ನೂ ಒಂದಿಷ್ಟು ತೆಗೆಯಿರಿ. ಉಪ್ಪುನೀರು ತಾಗಿದ ಕೂಡಲೇ ನಯವಾದ ಮಣ್ಣು ಗಂಟುಗಟ್ಟಿ ತಳ ಸೇರುತ್ತದೆ, ಅಂಟಿಕೊಂಡ ಕೀಟನಾಶಕವೂ ಅದರ ಜೊತೆಗೇ.

ಸಾಗಿಸುವುದು

ಐಸ್ ಪೆಟ್ಟಿಗೆಯಲ್ಲಿ, 4 ಡಿಗ್ರಿಯ ಆಸುಪಾಸು. ಫ್ರೀಜರಿಗೆ ಹಾಕಿದರೆ ಗಾಜು ಒಡೆಯುತ್ತದೆ. ಮೀನಿನ ಪೆಟ್ಟಿಗೆ ಬೇಡ ಮಾರಾಯ್ರೆ. ಆ್ಯಸಿಡ್ ಹಾಕಿದ ಪೆಟ್ರೋಲ್ ಸೀಸೆ 14 ದಿನ ತಡೆಯುತ್ತದೆ, ಹಾಕದಿದ್ದರೆ 7. ಬಿಒಡಿ ಬಾಟಲಿಯನ್ನು ಮಾತ್ರ ಅದೇ ದಿನ ತಲುಪಿಸಿ.

ದುಡ್ಡು ಹಾಳು ಮಾಡುವ ಸಾಮಾನು

ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ) ಮೀಟರ್ ಅಳೆಯುವುದು ಉಪ್ಪು ಹರಿಸುವ ವಿದ್ಯುತ್ತನ್ನು. ಪೆಟ್ರೋಲ್ ವಿದ್ಯುತ್ ಹರಿಸುವುದಿಲ್ಲ. ಮೀಟರ್ ಬರೀ 60 ತೋರಿಸುವ ನೀರಿನಲ್ಲೂ ಬೆಂಜೀನ್ ಇರಬಹುದು. ಫಿಲ್ಟರ್ ಮಾರುವವರು ಎರಡು ಸರಳು ಅದ್ದಿ ನೀರನ್ನು ಕಂದು ಮಾಡಿ ಹೆದರಿಸುತ್ತಾರಲ್ಲ, ಆ ಕಂದು ಬಣ್ಣ ಸರಳಿನ ಕಬ್ಬಿಣದ್ದು. ಬಾವಿಗೆ ಸುರಿಯುವ 'ಬ್ಯಾಕ್ಟೀರಿಯಾ ಪುಡಿ'ಯೂ ಬೇಡ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಮೊದಲೇ ಇವೆ, ಅವಕ್ಕೆ ಕೊರತೆ ಇರುವುದು ಹೆಚ್ಚಾಗಿ ಆಮ್ಲಜನಕದ್ದು. ನೀರು ಕುದಿಸಿದರೆ ಬೆಂಜೀನ್ ಪಾತ್ರೆ ಬಿಟ್ಟು ಅಡುಗೆಮನೆಯ ಗಾಳಿಗೆ ಸೇರುತ್ತದೆ. ರಿಪೋರ್ಟ್ ಬರುವ ತನಕ ಆ ನೀರು ಕುಡಿಯಲೂ ಬೇಡ, ಅಡುಗೆಗೂ ಬೇಡ, ಬಿಸಿನೀರಿನ ಸ್ನಾನಕ್ಕೂ ಬೇಡ.

ರಿಪೋರ್ಟ್ ಓದುವುದು

'ಬಿಡಿಎಲ್' ಅಂತ ಬರೆದಿದ್ದರೆ ಖುಷಿ ಪಡುವ ಮುಂಚೆ ಒಂದು ಪ್ರಶ್ನೆ ಕೇಳಿ: ನಿಮ್ಮ ಯಂತ್ರ ಹಿಡಿಯುವ ಕನಿಷ್ಠ ಪ್ರಮಾಣ ಎಷ್ಟು? ಬಿಡಿಎಲ್ ಅಂದರೆ ಅದಕ್ಕಿಂತ ಕಡಿಮೆ ಅಂತ ಮಾತ್ರ, ಸೊನ್ನೆ ಅಂತ ಅಲ್ಲ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಬೆಂಜೀನಿಗೆ ಇಟ್ಟ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಯಂತ್ರ ಹಿಡಿಯುವುದು 50ರಿಂದ ಮೇಲೆ ಅಂತಾದರೆ ಆ ಕಾಗದದಿಂದ ಪ್ರಯೋಜನ ಇಲ್ಲ. ಬಿಒಡಿ ಅಂಕಿಯ ಪಕ್ಕದಲ್ಲಿ ದಿನ, ಉಷ್ಣತೆ ನೋಡಿ. ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನದ ಕ್ರಮ ಇದೆ, ಹೊರದೇಶದ ಅಂಕಿಗಳು ಹೆಚ್ಚಾಗಿ 20 ಡಿಗ್ರಿಯ 5 ದಿನದವು. ಎರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ.

ಮೇ ತಿಂಗಳಲ್ಲಿ ಏನೂ ಸಿಗಲಿಲ್ಲ ಅಂತ ಫೈಲ್ ಮುಚ್ಚಬೇಡಿ. ಜೂನಿನ ಮಳೆಗೆ ಅಂತರ್ಜಲ ಮೇಲೆ ಬಂದಾಗ ಒಣ ಮಣ್ಣಿನಲ್ಲಿ ಅಂಟಿದ್ದ ಡೀಸೆಲ್ ಮತ್ತೆ ನೀರಿಗೆ ತಾಗುತ್ತದೆ. ಮುರಕಲ್ಲಿನ ತೂತುಗಳಲ್ಲಿ ಅದು ಸಲೀಸಾಗಿ ಹರಿಯುತ್ತದೆ ಕೂಡ. ಬಾವಿ ಮೇಲೇರಿದ ಮೇಲೆ ಇನ್ನೊಂದು ಸ್ಯಾಂಪಲ್ ಕೊಡಿ. ಜಾಗ, ದಿನ, ಹೊತ್ತು, ನೀರಿನ ಆಳ, ಹಿಂದಿನ ದಿನ ಮಳೆ ಬಂದಿತ್ತಾ ಇಲ್ಲವಾ, ಇಷ್ಟನ್ನೂ ಬಾಟಲಿಯ ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಐಸ್ ನೀರಿಗೆ ಅಳಿಸಿಹೋಗುತ್ತದೆ.