ಯೀಸ್ಟ್ ಇಲ್ಲದ ಡೋನಟ್: ಹೂರಣದ ಹದ, ಎಣ್ಣೆಯ ಹದ

ಯೀಸ್ಟ್ ಹಾಕಿದ ಡೋನಟ್ ಎಣ್ಣೆಯಲ್ಲಿ ಉಬ್ಬಿ ಒಳಗೆಲ್ಲ ಹಗುರಾಗುತ್ತದೆ. ಕರಿದ ಮೇಲೆ ಪಕ್ಕಕ್ಕೆ ಚುಚ್ಚಿ ಜಾಮ್ ತುಂಬಿದರೂ ಹೋಗಿ ಕೂರುತ್ತದೆ. ಮೊಸರು, ಸೋಡಾ ಹಾಕಿದ್ದು ಹಾಗಲ್ಲ. ಅದರ ಒಳಭಾಗ ಕೇಕಿನ ಹಾಗೆ ಒತ್ತಾಗಿರುತ್ತದೆ, ತುಂಬಲು ಜಾಗವೇ ಇರುವುದಿಲ್ಲ. ಹಾಗಾಗಿ ಇದನ್ನು ಹೋಳಿಗೆಯ ಲೆಕ್ಕದಲ್ಲೇ ಮಾಡಬೇಕು: ಕಣಕದೊಳಗೆ ಹೂರಣ ಇಟ್ಟು, ಬಾಯಿ ಮುಚ್ಚಿ, ಆಮೇಲೆ ಎಣ್ಣೆಗೆ.

ಮೊದಲು ಹೂರಣ ಮಾಡಿ ಆರಲು ಬಿಡಿ. ಒಂದು ಕಪ್ ಕಾಯಿತುರಿಗೆ ಅರ್ಧ ಕಪ್ ಪುಡಿ ಮಾಡಿದ ಅಚ್ಚು ಬೆಲ್ಲ, ಎರಡು ಏಲಕ್ಕಿ. ಸಣ್ಣ ಉರಿಯಲ್ಲಿ ಮಗುಚುತ್ತಿದ್ದರೆ ಬೆಲ್ಲ ಕರಗಿ ನೀರಾಗುತ್ತದೆ, ಆಮೇಲೆ ನಿಧಾನಕ್ಕೆ ಎಳೆದುಕೊಂಡು ಬಾಣಲೆಯ ತಳ ಬಿಡುತ್ತದೆ. ಹೂರಣದ ಉಂಡೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಸುಕ್ಕಿನುಂಡೆಗೆ ಬೇಕಾದಷ್ಟು ಗಟ್ಟಿ ಬರಬೇಕು. ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಸ್ಟೀಲ್ ತಟ್ಟೆಯ ಮೇಲಿಡಿ. ಐದು ನಿಮಿಷ ಬಿಟ್ಟು ಎತ್ತಿದರೆ ಅಡಿಯಲ್ಲಿ ಒದ್ದೆ ಗುರುತು ಇರಬಾರದು. ಇದ್ದರೆ ಮತ್ತೆ ಒಲೆಗೆ. ಹೂರಣದ ನೀರು ಎಣ್ಣೆಯ ಕಾವಿಗೆ ಹಬೆಯಾಗಿ ಅಂಚು ಸೀಳುತ್ತದೆ; ಡೋನಟ್ ಒಡೆಯುವುದು ಹೆಚ್ಚಾಗಿ ಇದಕ್ಕೇ. ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಕೈ ಮೊದಲು ಹೋಗುವುದು ಜೋನಿ ಬೆಲ್ಲದ, ಅಂದರೆ ಪಾಕದಂತಿರುವ ನೀರು ಬೆಲ್ಲದ, ಡಬ್ಬಿಗೆ. ಹೂರಣಕ್ಕೆ ಅದು ಬೇಡ, ಎಷ್ಟು ಕಾಯಿಸಿದರೂ ಒಳಗೆ ಮತ್ತೆ ಸಡಿಲವಾಗುತ್ತದೆ. ಬಟ್ಟಲಿಗೆ ಹಾಕಿಕೊಂಡು ಅದ್ದಿ ತಿನ್ನಲು ಅದರಷ್ಟು ಒಳ್ಳೆಯದು ಇಲ್ಲ.

ಕಣಕಕ್ಕೆ ಎರಡು ಕಪ್ ಮೈದಾ, ಅಂದರೆ ಸುಮಾರು 250 ಗ್ರಾಂ. ಅದಕ್ಕೆ ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಮೂರು ದೊಡ್ಡ ಚಮಚ ಸಕ್ಕರೆ ಪುಡಿ, ಚಿಟಿಕೆ ಉಪ್ಪು ಸೇರಿಸಿ ಎರಡು ಸಲ ಜರಡಿ ಹಿಡಿಯಿರಿ. ಸೋಡಾ ಗಂಟು ಉಳಿದರೆ ಅಲ್ಲೊಂದು ಹಳದಿ ಚುಕ್ಕೆ, ಬಾಯಿಗೆ ಸಿಕ್ಕರೆ ಸಾಬೂನಿನ ರುಚಿ. ಎರಡು ದೊಡ್ಡ ಚಮಚ ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ. ಅರ್ಧ ಕಪ್ ಗಟ್ಟಿ ಹುಳಿ ಮೊಸರು ಹಾಕಿ ಕಲಸಿ, ಆಮೇಲೆ ಹಾಲನ್ನು ಚಮಚ ಚಮಚವಾಗಿ ಹಾಕಿ. ಬೇಸಿಗೆಯಲ್ಲಿ ನಾಲ್ಕು ಚಮಚ ಬೇಕಾದೀತು. ಮಳೆಗಾಲದಲ್ಲಿ ಕಾರವಾರ, ಅಂಕೋಲಾ ಕಡೆ ಹಿಟ್ಟೇ ಗಾಳಿಯ ಪಸೆ ಹೀರಿಕೊಂಡಿರುತ್ತದೆ, ಎರಡು ಸಾಕು.

ಅದೇ ಪಸೆಗೆ ಬೇಕಿಂಗ್ ಪೌಡರ್ ಕೂಡ ಡಬ್ಬಿಯಲ್ಲೇ ಸತ್ತುಹೋಗುತ್ತದೆ. ಅರ್ಧ ಚಮಚಕ್ಕೆ ಬಿಸಿನೀರು ಹಾಕಿ ನೋಡಿ. ಬುಸ್ಸೆಂದು ನೊರೆ ಬಂದರೆ ಸರಿ, ನಾಲ್ಕು ಗುಳ್ಳೆ ಎದ್ದು ಸುಮ್ಮನಾದರೆ ಎಸೆಯಿರಿ. ಹಳತಾಗಿದೆ ಎಂದು ಎರಡರಷ್ಟು ಹಾಕುವುದು ಜಾಣತನವಲ್ಲ.

ಈ ಕಣಕವನ್ನು ಚಪಾತಿ ಹಿಟ್ಟಿನಂತೆ ನಾದಬಾರದು. ನಾದಿದಷ್ಟೂ ಜಿಗುಟು ಬಲಿತು ಡೋನಟ್ ರಬ್ಬರಾಗುತ್ತದೆ. ಒಂದು ಮುದ್ದೆಯಾಗಿ ಕೂಡಿಕೊಂಡರೆ ಸಾಕು, ಮೇಲೆ ಸ್ವಲ್ಪ ಒರಟಿದ್ದರೂ ಚಿಂತೆಯಿಲ್ಲ. ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ಮೊಸರು ತಾಗಿದ ಕೂಡಲೇ ಸೋಡಾ ಕೆಲಸ ಶುರು ಮಾಡುತ್ತದೆ, ಆದ್ದರಿಂದ ಬಾಳೆಹಣ್ಣಿನ ಮಂಗಳೂರು ಬನ್ಸ್ ಹಿಟ್ಟಿನ ಹಾಗೆ ರಾತ್ರಿಯಿಡೀ ಇಡುವ ಹಾಗಿಲ್ಲ. ಬಾಳೆಹಣ್ಣು ಕಿವುಚಿ ಹಾಕಬಹುದೇ ಎಂದರೆ, ಹಾಕಿ, ಆದರೆ ಆಗುವುದು ಬನ್ಸೇ.

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಏಳು ಸೆಂಟಿಮೀಟರ್ ಅಗಲದ ಲೋಟದಲ್ಲಿ ಬಿಲ್ಲೆ ಒತ್ತಿ. ಒಂದು ಬಿಲ್ಲೆಯ ನಡುವೆ ಹೂರಣದ ಉಂಡೆಯನ್ನು ಚಪ್ಪಟೆ ಮಾಡಿ ಇಡಿ. ಅಂಚಿನ ಒಣಹಿಟ್ಟು ಒರೆಸಿ ಹಾಲು ಸವರಿ, ಇನ್ನೊಂದು ಬಿಲ್ಲೆ ಮುಚ್ಚಿ. ಒತ್ತುವುದು ನಡುವಿನಿಂದ ಹೊರಕ್ಕೆ, ಒಳಗೆ ಗಾಳಿ ಉಳಿಯಬಾರದು. ಕೊನೆಗೆ ಆರು ಸೆಂಟಿಮೀಟರಿನ ಸಣ್ಣ ಲೋಟದಿಂದ ಸುತ್ತ ಮತ್ತೊಮ್ಮೆ ಕತ್ತರಿಸಿ. ಬೆರಳಿನಲ್ಲಿ ಎಷ್ಟು ಅದುಮಿದರೂ ಈ ಎರಡನೇ ಕತ್ತರಿಕೆಯಷ್ಟು ಬಿಗಿ ಬರುವುದಿಲ್ಲ. ಚೂರುಗಳನ್ನು ಮತ್ತೆ ಸೇರಿಸಿ ಲಟ್ಟಿಸಿದರೆ ಒಟ್ಟು ಎಂಟರಿಂದ ಹತ್ತು ಆಗುತ್ತವೆ. ಕೊನೆಯ ಎರಡು ತುಸು ಗಟ್ಟಿ, ಅವನ್ನು ಮಾಡಿದವರೇ ತಿನ್ನಬೇಕು.

ಎಣ್ಣೆಗೆ ಪೂರಿಯ ಕಾವು ಬೇಡ. 165ರಿಂದ 170 ಡಿಗ್ರಿ ಸೆಲ್ಸಿಯಸ್ ಸರಿ. ಅಳೆಯಲು ಏನೂ ಇಲ್ಲದಿದ್ದರೆ ಬಟಾಣಿಯಷ್ಟು ಕಣಕ ಬಿಡಿ: ತಳಕ್ಕೆ ಹೋಗಿ, ನಾಲ್ಕೈದು ಎಣಿಸುವಷ್ಟರಲ್ಲಿ ಮೇಲೆ ಬರಬೇಕು. ಬಿಟ್ಟ ಕೂಡಲೇ ತೇಲಿದರೆ ಕಾವು ಜಾಸ್ತಿ, ಹೊರಗೆ ಕಂದಾಗಿ ಒಳಗೆ ಹಸಿ ಉಳಿಯುತ್ತದೆ. ತಳದಲ್ಲೇ ಕೂತರೆ ಎಣ್ಣೆ ಕುಡಿಯುತ್ತದೆ. ಒಮ್ಮೆಗೆ ಮೂರು, ಒಂದೊಂದು ಮಗ್ಗುಲಿಗೆ ಎರಡರಿಂದ ಎರಡೂವರೆ ನಿಮಿಷ. ಒಂದು ಒಡೆದರೆ ಉರಿ ಕಡಿಮೆ ಮಾಡಿ, ಚೆಲ್ಲಿದ ಹೂರಣವನ್ನು ಜಾಲರಿಯಲ್ಲಿ ಕೂಡಲೇ ಎತ್ತಿ; ಬಿಟ್ಟರೆ ಬೆಲ್ಲ ಕರಿಕಾಗಿ ಮುಂದಿನದಕ್ಕೆಲ್ಲ ಅಂಟಿ ಕಹಿಯಾಗುತ್ತದೆ.

ಜಾಮ್ ಅಥವಾ ಕಸ್ಟರ್ಡೇ ಬೇಕೆಂದರೆ ದಾರಿ ಬೇರೆ. ಒಂದು ಸೆಂಟಿಮೀಟರ್ ದಪ್ಪದ ಒಂಟಿ ಬಿಲ್ಲೆ ಕರಿದು ಪೂರ್ತಿ ಆರಿಸಿ. ಚಮಚದ ಹಿಡಿಯನ್ನು ಪಕ್ಕದಿಂದ ತೂರಿಸಿ, ಎಡಕ್ಕೆ ಬಲಕ್ಕೆ ಆಡಿಸಿ ಒಳಗೆ ಜಾಗ ಮಾಡಿಕೊಳ್ಳಿ. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಅದರಿಂದ ಒತ್ತಿ ತುಂಬಿ. ಬನವಾಸಿ ಕಡೆಯ ಅನಾನಸ್ ಸಿಕ್ಕರೆ ಎರಡು ಕಪ್ ರುಬ್ಬಿದ ಹಣ್ಣಿಗೆ ಒಂದು ಕಪ್ ಸಕ್ಕರೆ ಹಾಕಿ, ತಣ್ಣನೆಯ ತಟ್ಟೆಯಲ್ಲಿ ಹನಿ ಹರಿಯದಷ್ಟು ಕಾಯಿಸಿ. ಮೇ ತಿಂಗಳಲ್ಲಾದರೆ ಅಂಕೋಲೆಯ ಕರಿ ಇಶಾಡು, 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ಮಾವು. ಅದರ ರಸವನ್ನು ಅರ್ಧಕ್ಕೆ ಇಳಿಯುವ ತನಕ ಕುದಿಸಿಯೇ ಕಸ್ಟರ್ಡಿಗೆ ಸೇರಿಸಿ, ಹಸಿ ರಸ ಸೇರಿಸಿದರೆ ತೆಳ್ಳಗಾಗಿ ಸೋರುತ್ತದೆ.

ಮೇಲಿನ ಸಕ್ಕರೆಗೂ ಒಂದು ಮಾತು. ಹರಳು ಸಕ್ಕರೆಯಾದರೆ ಬಿಸಿ ಇರುವಾಗಲೇ ಹೊರಳಿಸಿ, ಪುಡಿಯಾದರೆ ಪೂರ್ತಿ ಆರಿದ ಮೇಲೆ. ಮಳೆಗಾಲದಲ್ಲಿ ಪುಡಿ ಒಂದು ಗಂಟೆಯಲ್ಲಿ ಅಂಟಂಟಾಗುತ್ತದೆ, ಹರಳೇ ಲೇಸು. ಮಾಡಿದ ದಿನವೇ ತಿಂದು ಮುಗಿಸಿ, ಮರುದಿನಕ್ಕೆ ಬಿರುಸಾಗುತ್ತವೆ, ಕಾಯಿ ಹೂರಣವೂ ಹಳಸುತ್ತದೆ. ಸಂಜೆಗೆ ಬಿಸಿ ಮಾಡಬೇಕಿದ್ದರೆ ದಪ್ಪ ತಳದ ಕಾವಲಿಯಲ್ಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಿಮಿಷ.