ಗುಮ್ಮಟದ ನಡುವೆ ಮದುವೆ ಬೇಡ

ನಮ್ಮೂರಿನ ಸ್ಮಾರಕ ಬಾರಾ ಕಮಾನಿನ ಹಳೆಯ ಚಿತ್ರವೊಂದು ಬೇಕೆಂದು ಪರಿಚಯದ ಉಪನ್ಯಾಸಕರೊಬ್ಬರು ಕೇಳಿದರು. ಕಂಪ್ಯೂಟರಿನಲ್ಲಿ ನನ್ನ ಫೋಟೊಗಳ ಪಟ್ಟಿ ಇರುವ ಮೂರು ಕ್ಯಾಟಲಾಗ್‌ಗಳನ್ನು ಒಂದಾದ ಮೇಲೊಂದು ತೆರೆದು ಮುಚ್ಚಿದೆ. ಕೊನೆಗೆ ಸಿಕ್ಕಿದ್ದು ಮದುವೆಗಳ ಕ್ಯಾಟಲಾಗಿನಲ್ಲಿ! ವಧೂವರರನ್ನು ಕಮಾನುಗಳ ಎದುರು ನಿಲ್ಲಿಸುವ ಮೊದಲು ಬೆಳಕು ನೋಡಲೆಂದು ತೆಗೆದದ್ದು.

ವಿಜಯಪುರದಲ್ಲಿ ಸಣ್ಣ ಸ್ಟುಡಿಯೊ ನನ್ನದು. ಹೊಟ್ಟೆಪಾಡಿಗೆ ಮದುವೆ, ಹುಚ್ಚಿಗೆ ಸ್ಮಾರಕಗಳು. ಫೋಟೊ ಜೋಡಿಸಿ ತಿದ್ದುವ ಲೈಟ್‌ರೂಮ್ ಕ್ಲಾಸಿಕ್ ತಂತ್ರಾಂಶದಲ್ಲಿ ಒಮ್ಮೆಗೆ ಒಂದೇ ಕ್ಯಾಟಲಾಗ್ ತೆರೆಯುವುದರಿಂದ ಹುಡುಕಾಟವೂ ಅದರೊಳಗೇ ನಡೆಯುತ್ತದೆ. 2014ರವರೆಗಿನ ಸ್ಮಾರಕಗಳದ್ದು ಒಂದು, ಹೊಸ ಕಂಪ್ಯೂಟರ್ ತಂದ ನಂತರದ್ದು ಇನ್ನೊಂದು, ಮದುವೆಗಳದ್ದು ಮೂರನೆಯದು. ಎಲ್ಲವನ್ನೂ ಕೂಡಿಸಲು ಹೊರಟಿದ್ದೆ. ತಡೆದವಳು ಹೆಂಡತಿ. “ಗಿರಾಕಿಗಳ ಎದುರು ಗುಮ್ಮಟ ಹುಡುಕುವಾಗ ಯಾರದೋ ಮನೆಯ ಹೆಣ್ಣುಮಕ್ಕಳ ಅರಿಸಿನದ ಫೋಟೊ ಕಾಣಿಸಿಕೊಂಡರೆ ಏನು ಹೇಳುತ್ತೀರಿ?” ಎಂದಳು. ಉತ್ತರವಿರಲಿಲ್ಲ. ಆಲ್ಬಮ್ ಕೊಟ್ಟ ಮೇಲೆ ಮದುವೆಯ ಚಿತ್ರಗಳನ್ನು ನಾನು ಹುಡುಕುವುದೂ ಅಪರೂಪ. ಸ್ಮಾರಕಗಳ ಎರಡನ್ನು ಮಾತ್ರ ಕೂಡಿಸಲು ನಿರ್ಧರಿಸಿದೆ.

ಮೊದಲು ಮಾಡಿದ್ದು ದಡ್ಡತನ. ಹಳೆಯ ಫೋಲ್ಡರ್‌ಗಳನ್ನೇ ಹೊಸ ಕ್ಯಾಟಲಾಗಿಗೆ ನೇರವಾಗಿ ಸೇರಿಸಿದೆ. ಚಿತ್ರದ ಪಕ್ಕದಲ್ಲೇ ತಿದ್ದುಪಡಿಯ ವಿವರ ಇಡುವ ಎಕ್ಸ್‌ಎಂಪಿ ಕಡತಗಳಲ್ಲಿ ಉಳಿಸಿದ್ದ ಬಣ್ಣ, ಬೆಳಕಿನ ತಿದ್ದುಪಡಿಗಳೇನೋ ಬಂದವು. ಆದರೆ ವರ್ಷಗಟ್ಟಲೆ ಕೂತು ಹಾಕಿದ್ದ ಆಯ್ಕೆಯ ಬಾವುಟಗಳು, ಕಲೆಕ್ಷನ್‌ಗಳೆಂಬ ಗುಂಪುಗಳು, ಒಂದೇ ಚಿತ್ರವನ್ನು ಬೇರೆ ಬೇರೆ ರೀತಿ ತಿದ್ದಿಟ್ಟ ವರ್ಚುವಲ್ ಕಾಪಿಗಳು ಬರಲಿಲ್ಲ. ನನ್ನಲ್ಲಿ ಅವು ಇದ್ದದ್ದು ಕ್ಯಾಟಲಾಗಿನಲ್ಲಿ ಮಾತ್ರ. ಪುಣ್ಯಕ್ಕೆ ಕೆಲಸ ನಡೆದದ್ದು ಕ್ಯಾಟಲಾಗಿನ ನಕಲಿನ ಮೇಲೆ. ಎರಡನೆಯ ಸಲ ಹಳೆಯ ಕ್ಯಾಟಲಾಗನ್ನೇ ಇಡಿಯಾಗಿ ಆಮದು ಮಾಡಿಕೊಂಡೆ. ಚಿತ್ರಗಳು ತಮ್ಮ ಜಾಗದಲ್ಲೇ ಉಳಿದವು, ಬಾವುಟಗಳೂ ಬಂದವು.

ಕೂಡಿಸಿದ ಮೇಲೆ ಎದುರಾದದ್ದು ಕಾಲದ ಗೊಂದಲ. ಹಳೆಯ ಕ್ಯಾಮೆರಾದ ಗಡಿಯಾರ ಹನ್ನೆರಡು ಗಂಟೆ ತಪ್ಪಿತ್ತು. ಗೋಳಗುಮ್ಮಟದ ಮೇಲಿನ ಎಳೆಬಿಸಿಲು ಸಂಜೆ ಆರೂವರೆಯ ಲೆಕ್ಕಕ್ಕೆ ಸೇರಿತ್ತು! ಆ ಕ್ಯಾಮೆರಾದ ಚಿತ್ರಗಳನ್ನಷ್ಟೇ ಆರಿಸಿ ಒಟ್ಟಿಗೆ ಸಮಯ ಸರಿಸಿದೆ. ಕೂಡಿಸುವ ಮೊದಲೇ ಮಾಡಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಒಂದೇ ಹೆಸರಿನ ಕಡತಗಳನ್ನು ನಕಲುಗಳೆಂದು ಅಳಿಸುವ ಸಾಹಸಕ್ಕೆ ಮಾತ್ರ ಹೋಗಲಿಲ್ಲ. ಕ್ಯಾಮೆರಾ 9999 ಮುಟ್ಟಿದ ಮೇಲೆ ಎಣಿಕೆ ಮತ್ತೆ 0001ರಿಂದ ಶುರು. ಡಿಎಸ್‌ಸಿ 0412 ಎಂಬ ನಾಲ್ಕು ಬೇರೆ ಬೇರೆ ಚಿತ್ರಗಳು ನನ್ನಲ್ಲಿವೆ.

ಊರಿನ ಹೆಸರೂ ಕಾಡಿತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು; ಹುಡುಕಲೆಂದು ಚಿತ್ರಗಳಿಗೆ ಹಾಕಿದ್ದ ನನ್ನ ಕೀವರ್ಡ್‌ಗಳೂ ಹಾಗೆಯೇ ಎರಡಾಗಿದ್ದವು. ಹಳೆಯ ಹೆಸರನ್ನು ತೆಗೆಯಲು ಮನಸ್ಸಾಗಲಿಲ್ಲ. ಆ ಚಿತ್ರಗಳಿಗೆ ಹೊಸದನ್ನೂ ಸೇರಿಸಿದೆ.

ಮದುವೆಗಳ ನಡುವೆ ಅಡಗಿದ್ದ ಸ್ಮಾರಕಗಳನ್ನು ಆರಿಸಿ, ಪುಟ್ಟ ಕ್ಯಾಟಲಾಗ್ ಮಾಡಿ ಈ ಕಡೆಗೆ ತಂದೆ. ಒಂದರಲ್ಲಿ ಮಾತ್ರ ತಡವರಿಸಿದೆ: ಕಮಾನಿನ ನೆರಳಿನಲ್ಲಿ ಚಪ್ಪಲಿ ಬಿಚ್ಚಿಟ್ಟು ಕೂತ ವಧುವಿನ ಅಜ್ಜಿ. ಅದು ಈಗ ಎರಡೂ ಕಡೆ ಇದೆ.