ಡೋಸ್ ಏರಿಸುವ ಮುನ್ನ: ಇನ್ಸುಲಿನ್ ಕೆಲಸ ಮಾಡುವ ಬಗೆ ಮತ್ತು ಮನೆಯಲ್ಲಿ ಶುಗರ್ ಹತೋಟಿ

ರಾತ್ರಿ ಮಲಗುವಾಗ 130 ಇದ್ದ ಶುಗರ್ ಬೆಳಿಗ್ಗೆ 190 ಆಗಿರುತ್ತದೆ. ನಡುವೆ ಒಂದು ತುತ್ತೂ ತಿಂದಿಲ್ಲ. ಹಾಗಾದರೆ ಈ ಸಕ್ಕರೆ ಬಂದದ್ದೆಲ್ಲಿಂದ? ಲಿವರ್‌ನಿಂದ. ಮಧುಮೇಹವೆಂದರೆ ತಿಂದ ಸಿಹಿ ರಕ್ತದಲ್ಲಿ ಉಳಿಯುವುದು ಎಂದಷ್ಟೇ ತಿಳಿದವರಿಗೆ ಇದು ಒಗಟು. ದೇಹದಲ್ಲಿ ಇನ್ಸುಲಿನ್‌ಗೆ ಎರಡು ಬೇರೆ ಬೇರೆ ಕೆಲಸಗಳಿವೆ. ಶುಗರ್ ಏರಿದಾಗ ಆ ಎರಡರಲ್ಲಿ ಯಾವುದು ಕೆಟ್ಟಿದೆ ಎಂದು ಮೊದಲು ಗುರುತಿಸಬೇಕು. ಡೋಸ್ ಏರಿಸುವ ಮಾತು ಆಮೇಲಿನದು.

ವಯಸ್ಕರ ಇಡೀ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಗ್ಲುಕೋಸ್ ಸುಮಾರು 4-5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು. ಮಿದುಳಿಗೆ ಇದು ಸದಾ ಬೇಕು. ಹಾಗಾಗಿ ಊಟವಿಲ್ಲದ ಹೊತ್ತಿನಲ್ಲಿ ಲಿವರ್ ತನ್ನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತಿರುತ್ತದೆ, ಅಗತ್ಯವಿದ್ದರೆ ಹೊಸದಾಗಿಯೂ ತಯಾರಿಸುತ್ತದೆ. ಇನ್ಸುಲಿನ್‌ನ ಮೊದಲ ಕೆಲಸ ಈ ಹರಿವಿಗೆ ಕಡಿವಾಣ ಹಾಕುವುದು. ಇದಕ್ಕೆ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪ ಇನ್ಸುಲಿನ್ ಸಾಕು. ಎರಡನೆಯ ಕೆಲಸ ಊಟದ ನಂತರದ್ದು. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳಲ್ಲಿ ಗ್ಲುಕೋಸ್ ಸಾಗಿಸುವ ಪ್ರೋಟೀನ್‌ಗಳು ಒಳಗೆ ಅಡಗಿರುತ್ತವೆ. ಇನ್ಸುಲಿನ್ ಬಂದಾಗ ಅವು ಕೋಶದ ಹೊರಪದರಕ್ಕೆ ಬಂದು ಗ್ಲುಕೋಸನ್ನು ಒಳಗೆ ಎಳೆದುಕೊಳ್ಳುತ್ತವೆ. ಇದಕ್ಕೆ ಒಮ್ಮೆಲೇ ಹೆಚ್ಚು ಇನ್ಸುಲಿನ್ ಬೇಕು. ದುಡಿಯುತ್ತಿರುವ ಸ್ನಾಯು ಮಾತ್ರ ಇನ್ಸುಲಿನ್ ಇಲ್ಲದೆಯೂ ಗ್ಲುಕೋಸ್ ಹೀರಬಲ್ಲದು. ಊಟದ ನಂತರದ ನಡಿಗೆಯಿಂದ ಶುಗರ್ ಇಳಿಯುವುದು ಈ ಕಾರಣಕ್ಕೆ.

ಇನ್ಸುಲಿನ್ ತಯಾರಾಗುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಗ್ಲುಕೋಸ್ ಈ ಕೋಶದೊಳಗೆ ಉರಿದು ಶಕ್ತಿಯಾದಾಗ ಪೊಟ್ಯಾಸಿಯಂ ಹೊರಹೋಗುವ ದಾರಿ ಮುಚ್ಚುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೂಡಿಟ್ಟ ಇನ್ಸುಲಿನ್ ಹೊರಬೀಳುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳು ಆ ಪೊಟ್ಯಾಸಿಯಂ ದಾರಿಯನ್ನು ನೇರವಾಗಿ ಮುಚ್ಚುತ್ತವೆ. ರಕ್ತದಲ್ಲಿ ಗ್ಲುಕೋಸ್ ಎಷ್ಟಿದೆ ಎಂದು ಅವು ಕಾಯುವುದಿಲ್ಲ. ಈ ಮಾತ್ರೆ ನುಂಗಿ ಊಟ ಬಿಟ್ಟರೆ ಲೋ ಶುಗರ್ ಆಗುವುದು ಇದರಿಂದ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್‌ನ ಉತ್ಪಾದನೆಯನ್ನು ತಗ್ಗಿಸುತ್ತದೆ, ಹಾಗಾಗಿ ಒಂಟಿಯಾಗಿ ತೆಗೆದುಕೊಂಡಾಗ ಲೋ ಆಗುವುದು ಅಪರೂಪ.

ಟೈಪ್ 1ರಲ್ಲಿ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶಮಾಡುತ್ತದೆ. ಅವರಿಗೆ ಇನ್ಸುಲಿನ್ ಉಸಿರಿನಷ್ಟೇ ಅನಿವಾರ್ಯ, ಒಂದು ದಿನವೂ ನಿಲ್ಲಿಸುವಂತಿಲ್ಲ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ಲಿವರ್, ಸ್ನಾಯುಗಳು ಅದರ ಮಾತು ಕೇಳುವುದಿಲ್ಲ. ವರ್ಷಗಳು ಕಳೆದಂತೆ ಬೀಟಾ ಕೋಶಗಳೂ ಸೋಲುತ್ತವೆ. ಹತ್ತು ಹದಿನೈದು ವರ್ಷಗಳ ನಂತರ ಇನ್ಸುಲಿನ್ ಬೇಕಾದರೆ ಅದು ರೋಗದ ಸಹಜ ಗತಿ, ರೋಗಿಯ ಸೋಲಲ್ಲ.

ಸಂಖ್ಯೆಗಳನ್ನು ಜೋಡಿಯಾಗಿ ಓದಿ

ಖಾಲಿ ಹೊಟ್ಟೆಯಲ್ಲಿ 126 ಮಿ.ಗ್ರಾಂ/ಡಿ.ಎಲ್. ಅಥವಾ ಹೆಚ್ಚು, ಇಲ್ಲವೇ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.5% ಅಥವಾ ಹೆಚ್ಚು ಇದ್ದು, ಲಕ್ಷಣಗಳಿಲ್ಲದಿದ್ದರೆ ಮತ್ತೊಂದು ಪರೀಕ್ಷೆಯಲ್ಲೂ ಖಚಿತವಾದರೆ ಅದು ಮಧುಮೇಹ. ಚಿಕಿತ್ಸೆಯಲ್ಲಿರುವ ಹೆಚ್ಚಿನ ವಯಸ್ಕರಿಗೆ ಗುರಿ: ಊಟಕ್ಕೆ ಮುಂಚೆ 80-130, ಊಟ ಶುರುಮಾಡಿದ ಒಂದೆರಡು ಗಂಟೆಯ ನಂತರ 180ರ ಒಳಗೆ, ಎಚ್‌ಬಿಎ1ಸಿ 7%ಕ್ಕಿಂತ ಕಡಿಮೆ. ವಯಸ್ಸಾದವರಿಗೆ, ಪದೇ ಪದೇ ಲೋ ಆಗುವವರಿಗೆ ವೈದ್ಯರು ಈ ಗುರಿಯನ್ನು ಸಡಿಲಿಸುತ್ತಾರೆ. ಗರ್ಭಿಣಿಯರಿಗೆ ಬಿಗಿಗೊಳಿಸುತ್ತಾರೆ.

ಮನಬಂದ ಹೊತ್ತಿನ ಒಂದೇ ಒಂದು ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ. ಮೂರು ದಿನ ಜೋಡಿ ಪರೀಕ್ಷೆ ಮಾಡಿ: ಊಟಕ್ಕೆ ಮುಂಚೆ ಒಮ್ಮೆ, ಎರಡು ಗಂಟೆಯ ನಂತರ ಒಮ್ಮೆ. ಮುಂಚೆ 105 ಇದ್ದು ನಂತರ 240 ಆದರೆ ತಪ್ಪಿರುವುದು ಊಟದ ಪಾಲಿನ ಕೆಲಸ. ಆಗ ತಟ್ಟೆಯಲ್ಲಿನ ಪಿಷ್ಟದ ಪ್ರಮಾಣ, ಊಟದ ಇನ್ಸುಲಿನ್‌ನ ಸಮಯ, ಆಮೇಲೆ ಅದರ ಡೋಸ್, ಈ ಕ್ರಮದಲ್ಲಿ ನೋಡಬೇಕು. ಮುಂಚೆಯೇ 185 ಇದ್ದು ನಂತರ 220 ಆದರೆ ಊಟದ್ದು ದೋಷವಲ್ಲ, ತಳಮಟ್ಟವೇ ಎತ್ತರದಲ್ಲಿದೆ. ಇಂಥವರು ಊಟ ಕಡಿಮೆ ಮಾಡುತ್ತಾ ಹೋದರೂ ಸಂಖ್ಯೆ ಅಷ್ಟಾಗಿ ಇಳಿಯದೆ ಬೇಸತ್ತು ಎಲ್ಲವನ್ನೂ ಕೈಬಿಡುವುದುಂಟು.

ಬೆಳಗಿನ ಏರಿಕೆಗೂ ಹೀಗೆಯೇ. ಮಲಗುವಾಗಲೇ 220 ಇದ್ದು ಬೆಳಿಗ್ಗೆ 200 ಇದ್ದರೆ ರಾತ್ರಿಯೂಟವನ್ನು ಸರಿಪಡಿಸಬೇಕು, ದಿನವಿಡೀ ಕೆಲಸ ಮಾಡುವ ದೀರ್ಘ ಇನ್ಸುಲಿನ್ ಏರಿಸಿದರೆ ಅಪಾಯ. ಮಲಗುವಾಗ ಸರಿಯಿದ್ದು ಬೆಳಿಗ್ಗೆ ಏರಿದ್ದರೆ ಒಂದೆರಡು ರಾತ್ರಿ 3 ಗಂಟೆಗೆ ಎದ್ದು ಪರೀಕ್ಷಿಸಿ. ನಸುಕಿನಲ್ಲಿ ಕಾರ್ಟಿಸೋಲ್ ಮತ್ತು ಬೆಳವಣಿಗೆಯ ಹಾರ್ಮೋನ್ ಏರಿ ಲಿವರ್‌ಗೆ ಚುರುಕು ಮುಟ್ಟಿಸುವುದು ಸಾಮಾನ್ಯ ಕಾರಣ. ಆದರೆ 3 ಗಂಟೆಗೆ 70ಕ್ಕಿಂತ ಕೆಳಗಿದ್ದರೆ ಡೋಸ್ ಏರಿಸುವುದಿರಲಿ, ಇಳಿಸಬೇಕಾಗಬಹುದು.

ಪರೀಕ್ಷೆಗೆ ಮುನ್ನ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಹಣ್ಣು ಹೆಚ್ಚಿದ ಬೆರಳಿನಿಂದ ತೆಗೆದ ಹನಿ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಬೆರಳ ತುದಿಯ ನಡುವೆ ಚುಚ್ಚದೆ ಪಕ್ಕಕ್ಕೆ ಚುಚ್ಚಿದರೆ ನೋವು ಕಡಿಮೆ. ಒಳ್ಳೆಯ ಮೀಟರ್‌ನಲ್ಲೂ 15%ದಷ್ಟು ಆಚೀಚೆ ಸಹಜ, ಆದ್ದರಿಂದ 142 ಮತ್ತು 151ರ ನಡುವಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇಂಜೆಕ್ಷನ್: ಸಮಯ

ಗ್ರಂಥಿಯಿಂದ ಬರುವ ಇನ್ಸುಲಿನ್ ಮೊದಲು ಲಿವರ್‌ಗೆ ಹೋಗುತ್ತದೆ, ರಕ್ತದಲ್ಲಿ ಕೆಲವೇ ನಿಮಿಷ ಇದ್ದು ಮಾಯವಾಗುತ್ತದೆ. ಚರ್ಮದಡಿಗೆ ಚುಚ್ಚಿದ್ದು ಹಾಗಲ್ಲ. ನಿಧಾನ ಏರಿ ಗಂಟೆಗಟ್ಟಲೆ ಇರುತ್ತದೆ, ಹಿಂದಕ್ಕೆ ಪಡೆಯಲಾಗದು. ಇಂಜೆಕ್ಷನ್‌ನ ಎಲ್ಲ ನಿಯಮಗಳೂ ಈ ಒಂದು ಕೊರತೆಯನ್ನು ತುಂಬಲು ಹುಟ್ಟಿದವು.

ಲಿಸ್‌ಪ್ರೋ, ಆಸ್ಪಾರ್ಟ್, ಗ್ಲುಲಿಸಿನ್ ಎಂಬ ವೇಗದ ಬಗೆಗಳು 10-15 ನಿಮಿಷದಲ್ಲಿ ಶುರುವಾಗಿ 1-2 ಗಂಟೆಗೆ ತುದಿ ಮುಟ್ಟಿ 3-5 ಗಂಟೆ ಇರುತ್ತವೆ. ಇವನ್ನು ಊಟಕ್ಕೆ ಮುಂಚಿನ 15 ನಿಮಿಷದೊಳಗೆ ತೆಗೆದುಕೊಳ್ಳಬೇಕು. ರೆಗ್ಯುಲರ್ ಇನ್ಸುಲಿನ್ ಶುರುವಾಗಲು ಅರ್ಧ ಗಂಟೆ ಬೇಕು. ಅದನ್ನೂ, ಅದು ಸೇರಿದ 30/70 ಮಿಶ್ರಣವನ್ನೂ ಊಟಕ್ಕೆ 30 ನಿಮಿಷ ಮುಂಚೆ ಚುಚ್ಚಬೇಕು. ತಟ್ಟೆಯ ಮುಂದೆ ಕೂತು ಚುಚ್ಚಿಕೊಂಡರೆ ಎರಡು ಗಂಟೆಯ ಶುಗರ್ ಏರುತ್ತದೆ, ನಾಲ್ಕೈದು ಗಂಟೆಗೆ ಲೋ ಆಗುತ್ತದೆ. ಡೋಸ್ ಸರಿಯಿದ್ದರೂ ಎರಡು ತೊಂದರೆ. ಎನ್‌ಪಿಎಚ್ ಎಂಬ ಮಧ್ಯಮ ಅವಧಿಯ ಇನ್ಸುಲಿನ್ 4-10 ಗಂಟೆಯ ನಡುವೆ ತುದಿ ಮುಟ್ಟುತ್ತದೆ. ದೀರ್ಘ ಇನ್ಸುಲಿನ್ ಬಗೆಗಳಲ್ಲಿ ಗ್ಲಾರ್ಜಿನ್ ಸುಮಾರು 24 ಗಂಟೆ, ಡೆಗ್ಲುಡೆಕ್ 40 ಗಂಟೆಗೂ ಹೆಚ್ಚು ಸಮತಟ್ಟಾಗಿ ಕೆಲಸ ಮಾಡುತ್ತವೆ. ಇವು ಲಿವರ್‌ನ ಪಾಲಿನವು, ಊಟ ಬಿಟ್ಟ ದಿನವೂ ಬೇಕು.

ಊಟದ ನಂತರ ಏರಿತೆಂದು ವೇಗದ ಇನ್ಸುಲಿನ್ ಮತ್ತೆ ಹಾಕಿ, ಒಂದು ಗಂಟೆಗೆ ಇನ್ನೂ ಇಳಿದಿಲ್ಲವೆಂದು ಇನ್ನೊಮ್ಮೆ ಹಾಕುವುದು ದೊಡ್ಡ ಅಪಾಯ. ಮೊದಲಿನದು ಇನ್ನೂ ಒಳಗೆ ದುಡಿಯುತ್ತಿರುತ್ತದೆ, ಮೂರೂ ಕೂಡಿ ಕೆಡವುತ್ತವೆ. ಎರಡು ಸರಿಪಡಿಸುವ ಡೋಸ್‌ಗಳ ನಡುವೆ ಕನಿಷ್ಠ 4 ಗಂಟೆ ಅಂತರವಿರಲಿ.

ಇಂಜೆಕ್ಷನ್: ಕೈಚಳಕ

ಸಿರಿಂಜ್ ಬಳಸುವವರು ಬಾಟಲಿ ಮತ್ತು ಸಿರಿಂಜ್ ಎರಡರ ಮೇಲಿನ ಸಂಖ್ಯೆ ಒಂದೇ ಇದೆಯೇ ಎಂದು ಪ್ರತಿ ಸಲವೂ ನೋಡಬೇಕು. ಮಿಲಿ ಲೀಟರಿಗೆ 40 ಯೂನಿಟ್‌ನ ಇನ್ಸುಲಿನ್‌ಗೆ 40ರ ಸಿರಿಂಜ್, 100ರದಕ್ಕೆ 100ರ ಸಿರಿಂಜ್. 100ರ ಇನ್ಸುಲಿನ್ನನ್ನು 40ರ ಸಿರಿಂಜ್‌ನಲ್ಲಿ ಎಳೆದರೆ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು. ಪೆನ್ನಿನ ಕಾರ್ಟ್ರಿಜ್‌ನಿಂದ ಸಿರಿಂಜ್‌ಗೆ ಎಳೆಯಲೇಬೇಡಿ.

ಪೆನ್ ಬಳಸುವ ಕ್ರಮ ಹೀಗೆ:

1. ಮೋಡದಂತಿರುವ ಇನ್ಸುಲಿನ್ ಆದರೆ ಅಂಗೈಗಳ ನಡುವೆ 10 ಸಲ ಉರುಳಿಸಿ, 10 ಸಲ ಮೇಲೆ ಕೆಳಗೆ ತಿರುಗಿಸಿ. ಕುಲುಕಬೇಡಿ. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೆ ಬಿಸಾಡಿ.
2. ಹೊಸ ಸೂಜಿ ಹಾಕಿ. 2 ಯೂನಿಟ್ ಇಟ್ಟು, ಸೂಜಿ ಮೇಲೆ ಮಾಡಿ ಒತ್ತಿ. ತುದಿಯಲ್ಲಿ ಹನಿ ಕಾಣುವವರೆಗೆ ಇದನ್ನೇ ಮಾಡಿ.
3. ಡೋಸ್ ಇಟ್ಟು, 4 ಮಿ.ಮೀ. ಸೂಜಿಯಾದರೆ ನೇರವಾಗಿ ಚುಚ್ಚಿ. ಉದ್ದ ಸೂಜಿಯಿದ್ದರೆ, ಮೈ ತೆಳ್ಳಗಿದ್ದರೆ ಚರ್ಮವನ್ನು ಮೆಲ್ಲಗೆ ಮಡಿಸಿ ಹಿಡಿಯಿರಿ.
4. ಗುಂಡಿ ಪೂರ್ತಿ ಒತ್ತಿದ ಮೇಲೆ 10ರವರೆಗೆ ಎಣಿಸಿ ಸೂಜಿ ತೆಗೆಯಿರಿ. ಉಜ್ಜಬೇಡಿ.
5. ಸೂಜಿ ತೆಗೆದು ಗಟ್ಟಿ ಡಬ್ಬಿಗೆ ಹಾಕಿ. ಪೆನ್ನಿನಲ್ಲೇ ಬಿಟ್ಟರೆ ಗಾಳಿ ಒಳಸೇರಿ, ಇನ್ಸುಲಿನ್ ಸೋರಿ ಮುಂದಿನ ಡೋಸ್ ಕಡಿಮೆಯಾಗುತ್ತದೆ.

ಹೊಟ್ಟೆಯಿಂದ ಇನ್ಸುಲಿನ್ ಬೇಗ ಹೀರಲ್ಪಡುತ್ತದೆ, ತೊಡೆ ಮತ್ತು ಪೃಷ್ಠದಿಂದ ನಿಧಾನ. ಹೊಕ್ಕುಳಿನಿಂದ ಎರಡು ಬೆರಳು ದೂರವಿರಲಿ. ಒಂದೇ ಜಾಗಕ್ಕೆ ಚುಚ್ಚುತ್ತಾ ಬಂದರೆ ಅಲ್ಲಿ ಕೊಬ್ಬು ಗಂಟುಕಟ್ಟುತ್ತದೆ. ಅಲ್ಲಿ ನೋವಾಗುವುದಿಲ್ಲ, ಅದಕ್ಕೇ ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಗಂಟಿನಿಂದ ಇನ್ಸುಲಿನ್ ಒಂದು ದಿನ ಹೀರಲ್ಪಟ್ಟಂತೆ ಇನ್ನೊಂದು ದಿನ ಹೀರಲ್ಪಡುವುದಿಲ್ಲ. ಕಾರಣವಿಲ್ಲದೆ ಶುಗರ್ ಏರಿಳಿಯುವ ಎಷ್ಟೋ ಜನರ ಹೊಟ್ಟೆ ಸವರಿ ನೋಡಿದರೆ ಕಾರಣ ಬೆರಳಿಗೆ ಸಿಗುತ್ತದೆ. ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಿನಷ್ಟು ಸರಿಯಿರಿ. ಗಂಟು ಬಿಟ್ಟು ಒಳ್ಳೆಯ ಜಾಗಕ್ಕೆ ಬಂದಾಗ ಹಳೆಯ ಡೋಸ್ ಹೆಚ್ಚಾಗಬಹುದು, ಆದ್ದರಿಂದ ವೈದ್ಯರಿಗೆ ತಿಳಿಸಿ ಬದಲಿಸಿ, ಆ ವಾರ ಹೆಚ್ಚು ಸಲ ಪರೀಕ್ಷಿಸಿ.

ತೆರೆಯದ ಇನ್ಸುಲಿನ್ 2-8 ಡಿಗ್ರಿಯಲ್ಲಿರಲಿ, ಫ್ರೀಜರ್‌ಗೆ ತಾಗದಂತೆ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ತೆರೆದದ್ದನ್ನು ಬಿಸಿಲು ತಾಗದ ತಂಪಿನಲ್ಲಿಟ್ಟರೆ ಹೆಚ್ಚಿನವು 28 ದಿನ ಬರುತ್ತವೆ, ಕೆಲವು ಇನ್ನೂ ಹೆಚ್ಚು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆಯೇ ಬರೆದಿಡಿ.

ಲೋ ಆದಾಗ

70ಕ್ಕಿಂತ ಕೆಳಗಿಳಿದರೆ ಲೋ. 54ಕ್ಕಿಂತ ಕೆಳಗೆ ಗಂಭೀರ. ನಡುಕ, ಬೆವರು, ಎದೆಬಡಿತ, ಹಸಿವು ಮೊದಲು, ಗೊಂದಲ, ತೊದಲು ಆಮೇಲೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಲ್ಲಿ ನಡುಕ, ಎದೆಬಡಿತ ಅಷ್ಟಾಗಿ ಕಾಣದು. ಬೆವರನ್ನು ಮಾತ್ರ ನಂಬಬಹುದು.

15 ಗ್ರಾಂ ಗ್ಲುಕೋಸ್ ತೆಗೆದುಕೊಳ್ಳಿ: ಗ್ಲುಕೋಸ್ ಪುಡಿ ಅಥವಾ ಸಕ್ಕರೆ 3-4 ಟೀ ಚಮಚ ನೀರಿನಲ್ಲಿ ಕದಡಿ. 15 ನಿಮಿಷ ಬಿಟ್ಟು ಪರೀಕ್ಷಿಸಿ, 70 ದಾಟದಿದ್ದರೆ ಮತ್ತೆ ಅಷ್ಟೇ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡೆಹಿಡಿಯುತ್ತದೆ. ಅಕಾರ್ಬೋಸ್, ವೋಗ್ಲಿಬೋಸ್ ಮಾತ್ರೆಯವರಿಗೆ ಸಕ್ಕರೆ ಬೇಗ ಒಡೆಯದು, ಗ್ಲುಕೋಸೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ. ಪಕ್ಕಕ್ಕೆ ಮಲಗಿಸಿ, ಗ್ಲುಕಗಾನ್ (ಲಿವರ್ ಗ್ಲುಕೋಸ್ ಬಿಡುವಂತೆ ಮಾಡುವ ಮದ್ದು) ಇದ್ದರೆ ಕೊಟ್ಟು, ಆಂಬುಲೆನ್ಸ್ ಕರೆಸಿ. ಸಲ್ಫೊನೈಲ್‌ಯೂರಿಯಾ (ಗ್ಲಿಮೆಪಿರೈಡ್ ಗುಂಪಿನ) ಮಾತ್ರೆಯಿಂದಾದ ಲೋ ಸರಿಹೋದಂತೆ ಕಂಡು ಗಂಟೆಗಳ ನಂತರ ಮರುಕಳಿಸಬಹುದು, ಆ ದಿನ ಒಬ್ಬರೇ ಇರಬಾರದು.

ಜ್ವರ, ವಾಂತಿಯ ದಿನಗಳು

ತಿನ್ನಲಾಗುತ್ತಿಲ್ಲವೆಂದು ಇನ್ಸುಲಿನ್ ಬಿಡುವುದೇ ಹಲವರನ್ನು ಆಸ್ಪತ್ರೆಗೆ ಸೇರಿಸುತ್ತದೆ. ಕಾಯಿಲೆಯ ಒತ್ತಡದ ಹಾರ್ಮೋನ್‌ಗಳು ಲಿವರ್‌ನಿಂದ ಗ್ಲುಕೋಸ್ ಹೊರಡಿಸುತ್ತಲೇ ಇರುತ್ತವೆ. ದೀರ್ಘ ಇನ್ಸುಲಿನ್ ಮುಂದುವರಿಯಲಿ, ಊಟದ್ದನ್ನು ತಿಂದಷ್ಟಕ್ಕೆ ಹೊಂದಿಸಿ. ಮಿಶ್ರಣದ ಇನ್ಸುಲಿನ್ ಆದರೆ ಎಷ್ಟು ಹಾಕಬೇಕೆಂದು ವೈದ್ಯರನ್ನು ಕೇಳಿ. 2-4 ಗಂಟೆಗೊಮ್ಮೆ ಪರೀಕ್ಷೆ, ಗುಟುಕು ಗುಟುಕಾಗಿ ನೀರು. ಟೈಪ್ 1ರವರು 250 ದಾಟಿದರೆ ಕೀಟೋನ್ (ಇನ್ಸುಲಿನ್ ಸಾಲದಾದಾಗ ಕೊಬ್ಬು ಒಡೆದು ಹುಟ್ಟುವ ಆಮ್ಲ) ನೋಡಬೇಕು: ರಕ್ತದಲ್ಲಿ 0.6 ಮಿಲಿಮೋಲ್‌ಗಿಂತ ಕಡಿಮೆ ಸರಿ, 1.5 ದಾಟಿದರೆ ತಕ್ಷಣ ವೈದ್ಯರಿಗೆ ಕರೆ, 3 ದಾಟಿದರೆ ತುರ್ತು ಚಿಕಿತ್ಸೆ. ವಾಂತಿ ನಿಲ್ಲದಿದ್ದರೆ, ಉಸಿರು ಆಳವಾಗಿ ಬೇಗ ಬೇಗ ಬರುತ್ತಿದ್ದರೆ ಸಂಖ್ಯೆಗೆ ಕಾಯದೆ ಹೊರಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಇಂಥ ದಿನಗಳಲ್ಲಿ ನಿಲ್ಲಿಸುವಂತೆ ಹೇಳುತ್ತಾರೆ. ಅವುಗಳ ಮೇಲಿದ್ದಾಗ ಶುಗರ್ 200ರ ಆಸುಪಾಸಿನಲ್ಲಿದ್ದೂ ಕೀಟೋನ್ ವಿಷವಾಗಿ ಏರಿರಬಹುದು. ನಿರ್ಜಲೀಕರಣವಾದರೆ ಮೆಟ್‌ಫಾರ್ಮಿನ್‌ಗೂ ಬಿಡುವು ಬೇಕಾಗಬಹುದು. ಇವೆಲ್ಲವನ್ನೂ ಆರೋಗ್ಯವಾಗಿರುವಾಗಲೇ ನಿಮ್ಮ ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ಮೂರು ತಿಂಗಳ ಲೆಕ್ಕ

ಎಚ್‌ಬಿಎ1ಸಿ 7% ಅಂದರೆ ಸರಾಸರಿ ಶುಗರ್ ಸುಮಾರು 154. ಸರಾಸರಿ ಸುಳ್ಳಾಡಬಲ್ಲದು: 50 ಮತ್ತು 260ರ ನಡುವೆ ಜೋಕಾಲಿಯಾಡುವವರಿಗೂ ಅದೇ 7 ಬರುತ್ತದೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಇದು ಹೆಚ್ಚಾಗಿ ಕಾಣಬಹುದು, ರಕ್ತಕಣಗಳು ಬೇಗ ಒಡೆಯುವ ಕಾಯಿಲೆಗಳಲ್ಲಿ ಕಡಿಮೆಯಾಗಿ. ಮೀಟರ್ ಮತ್ತು ಎಚ್‌ಬಿಎ1ಸಿ ತಾಳೆಯಾಗದಿದ್ದರೆ ಹಿಮೋಗ್ಲೋಬಿನ್ ನೋಡಿಸಿ.

ವರ್ಷಕ್ಕೊಮ್ಮೆ ಕಣ್ಣಿನ ಅಕ್ಷಿಪಟಲ, ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್, ಪಾದದ ಸ್ಪರ್ಶಜ್ಞಾನ ಪರೀಕ್ಷೆಯಾಗಲಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರು ಬಿ12 ಕೂಡ ನೋಡಿಸಲಿ, ಅದರ ಕೊರತೆಯ ಜೋಮನ್ನು ಶುಗರ್‌ನಿಂದ ಬಂದ ನರದೌರ್ಬಲ್ಯವೆಂದೇ ತಿಳಿದು ಬಿಟ್ಟುಬಿಡುವುದುಂಟು. ವೈದ್ಯರ ಬಳಿ ಹೋಗುವಾಗ ಮೂರು ದಿನದ ಜೋಡಿ ಸಂಖ್ಯೆಗಳು, ಪ್ರತಿ ಇಂಜೆಕ್ಷನ್ ಮತ್ತು ಊಟದ ಗಡಿಯಾರದ ಸಮಯ, ಬಳಸುತ್ತಿರುವ ಪೆನ್ ಅಥವಾ ಸಿರಿಂಜ್ ಇವಿಷ್ಟೂ ಜೊತೆಗಿರಲಿ, ಹೊಟ್ಟೆಯನ್ನೂ ಮುಟ್ಟಿ ನೋಡುವಂತೆ ಕೇಳಿ.